ಮೂರನೇ ಹಳ್ಳದ ಎರಡು ಬಾಟಲಿ

ನೋಟೀಸು ಬಂದದ್ದು ಸೋಮವಾರ ಬೆಳಿಗ್ಗೆ. ದೊಡ್ಡಮ್ಮ ಆಗ ಲಾಂಡ್ರಿಯ ಎರಡನೇ ಯಂತ್ರದ ಮುಂದೆ ಮಂಡಿಯೂರಿ, ಬಾಗಿಲ ರಬ್ಬರಿನೊಳಗೆ ಸಿಕ್ಕಿಕೊಂಡಿದ್ದ ಯಾರದೋ ಅಂಗಿಯ ಗುಂಡಿಯನ್ನು ಚಿಮಟದಿಂದ ಎಳೆಯುತ್ತಿದ್ದಳು. ಕೈ ಒದ್ದೆಯಾಗಿತ್ತು. ಓದು ಮರಿ ಎಂದು ಕಾಗದವನ್ನು ನನಗೇ ಕೊಡಿಸಿದಳು. ನಾನು ಓದಬೇಕಾದದ್ದೇನೂ ಇರಲಿಲ್ಲ. ಅದರೊಳಗಿನ ಸಂಖ್ಯೆ ನನಗೆ ಬಾಯಿಪಾಠವಾಗಿತ್ತು. ಅದನ್ನು ಲೆಕ್ಕ ಹಾಕಿದವಳು ನಾನೇ.

ನಮ್ಮ ಕೆರೆಗೆ ಐದು ಹಳ್ಳಗಳ ನೀರು ಬಂದು ಸೇರುತ್ತದೆ. ಯಾವ ಹಳ್ಳ ಎಷ್ಟು ಕೊಳೆ ಹೊತ್ತು ತರುತ್ತಿದೆ ಎಂದು ಅಳೆಯುವ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಮೂರನೇ ಹಳ್ಳ ದೊಡ್ಡಮ್ಮನ ಲಾಂಡ್ರಿಯ ಹಿತ್ತಲಿನಲ್ಲೇ ಹರಿಯುತ್ತದೆ. ಲಾಂಡ್ರಿಯಿಂದ ಈ ಹಳ್ಳದ ಮೂಲಕ ದಿನಕ್ಕೆ ಎರಡು ಕಿಲೋ ಇನ್ನೂರು ಗ್ರಾಂ ರಂಜಕ ಕೆರೆಗೆ ಸೇರುತ್ತಿರುವುದು ಆರು ವಾರಗಳ ಅಳತೆಯಿಂದ ಕಂಡುಬಂದಿದೆ, ಮಿತಿ ಒಂದು ಕಿಲೋ, ಹದಿನೈದು ದಿನದೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ ಚರಂಡಿ ಮುಚ್ಚಿಸಲಾಗುವುದು ಎಂದು ನಮ್ಮ ಪ್ರಯೋಗಾಲಯದ ನೋಟೀಸು ಹೇಳಿತ್ತು. ಚರಂಡಿಯಿಲ್ಲದ ಲಾಂಡ್ರಿಯೆಂದರೆ ಒಲೆಯಿಲ್ಲದ ಅಡುಗೆಮನೆ. ಮುಚ್ಚು ಎಂದು ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ರಂಜಕ ಎಂದರೆ ಏನು ಎಂದು ದೊಡ್ಡಮ್ಮ ಕೇಳಿದಳು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇಸ್ತ್ರಿ ಮೇಜಿನ ಕಡೆಯಿಂದ ಉತ್ತರ ಬಂತು: ಬೆಂಕಿಪೊಟ್ಟಣದ ಮದ್ದು. ಹಾಗೆಂದವಳು ಹದಿನಾರು ವರ್ಷದಿಂದ ಇಲ್ಲಿ ಇಸ್ತ್ರಿ ಮಾಡುತ್ತಿರುವ ಇಸ್ತ್ರಿಯಕ್ಕ. ಲಾಂಡ್ರಿಯ ಏಳು ಹೆಂಗಸರಲ್ಲಿ ಅವಳ ಮಾತಿಗೇ ಬಿಸಿ ಹೆಚ್ಚು. ನಾನು ಮೆಲ್ಲಗೆ ವಿವರಿಸಿದೆ. ಸೋಪಿನ ಪುಡಿಯಲ್ಲೂ ರಂಜಕ ಇರುತ್ತದೆ, ಅದು ಕೆರೆಗೆ ಹೋದರೆ ಪಾಚಿಗೆ ಹಬ್ಬದೂಟ, ಪಾಚಿ ಹೆಚ್ಚಿ ಕೊಳೆತರೆ ಮೀನಿಗೆ ಉಸಿರಿಲ್ಲ. ಮೂರನೇ ಯಂತ್ರ ಆಸ್ಪತ್ರೆಯ ಹೊದಿಕೆಗಳನ್ನು ಹಿಂಡುತ್ತ ಗಡಗಡ ಎನ್ನುತ್ತಿತ್ತು.

"ಅಳೆದದ್ದು ಯಾರಂತೆ?" ಎಂದು ಇಸ್ತ್ರಿಯಕ್ಕ ಕೇಳಿದಳು.

ನಾನು ಎಂದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಹಿರಿಯರು ಸುಮ್ನೆ ಹೇಳಿಲ್ಲ ನೋಡಿ."

ದೊಡ್ಡಮ್ಮ ಗುಂಡಿಯನ್ನು ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿ, ಸೆರಗಿನ ತುದಿಗೆ ಕಟ್ಟಿಕೊಂಡಳು. "ಅವಳು ಅಳೆದಿದ್ದಾಳೆ ಅಂದ್ರೆ ಸರಿಯಾಗೇ ಇರತ್ತೆ ಬಿಡು. ಸಾರಿಗೆ ಉಪ್ಪು ಹಾಕೋಕೂ ಚಮಚ ಹುಡುಕ್ತಾಳೆ ಅವಳು."

ಇಸ್ತ್ರಿಯಕ್ಕನ ಮಾತು ನನ್ನನ್ನು ಮುಟ್ಟಲೇ ಇಲ್ಲ. ದೊಡ್ಡಮ್ಮನದು ಮುಟ್ಟಿತು.

ಹತ್ತನೇ ತರಗತಿಗೆ ಬಂದಾಗಿನಿಂದ ನಾನು ಲಾಂಡ್ರಿಯ ಮೇಲಿನ ಕೋಣೆಯಲ್ಲೇ ಇದ್ದೇನೆ. ನಮ್ಮೂರಿನಲ್ಲಿ ಮುಂದಿನ ಓದಿಗೆ ಅನುಕೂಲವಿಲ್ಲವೆಂದು ಅಮ್ಮ ತನ್ನ ಅಕ್ಕನ ಮನೆಗೆ ಕಳಿಸಿದಳು, ಆಮೇಲೆ ಯಾರೂ ವಾಪಸು ಕರೆಯುವ ಮಾತೆತ್ತಲಿಲ್ಲ. ಕೆಳಗಿನ ಯಂತ್ರಗಳು ತಿರುಗುವಾಗ ನನ್ನ ಮೇಜು ಸಣ್ಣಗೆ ನಡುಗುತ್ತದೆ. ನನ್ನ ದಿನಚರಿಯ ಅಕ್ಷರಗಳು ಹಗಲು ಬರೆದವೋ ಯಂತ್ರ ನಿಂತ ಮೇಲೆ ಬರೆದವೋ ಎಂದು ನೋಡಿದರೇ ಗೊತ್ತಾಗುತ್ತದೆ. ಪದವಿ ಮುಗಿಸಿದ್ದು ಆ ಮೇಜಿನಲ್ಲೇ, ಶುಲ್ಕ ಕಟ್ಟಿದ್ದು ಆ ಯಂತ್ರಗಳೇ. ಇದನ್ನು ಪ್ರಯೋಗಾಲಯದಲ್ಲಿ ಯಾರಿಗೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ, ಕೇಳಿದರೂ ಅರ್ಧವೇ. ಎರಡು ಕಿಲೋ ಇನ್ನೂರು ಎಂಬ ಉತ್ತರ ಮೊದಲ ಸಲ ಬಂದಾಗ ಮೂರು ಬಾರಿ ಗುಣಿಸಿ ನೋಡಿದ್ದೆ. ಮೂರು ಬಾರಿಯೂ ಅದೇ. ಸಂಖ್ಯೆಗೆ ನೆಂಟರಿಲ್ಲ ಎಂದು ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಆಗಾಗ ಹೇಳುತ್ತಾರೆ. ಹಾಗೆಂದುಕೊಂಡೇ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಬಂದಿದ್ದೆ.

ದೊಡ್ಡಮ್ಮ ಅಳಲಿಲ್ಲ, ಕೂಗಾಡಲಿಲ್ಲ. ಅವಳು ಮಾಡಿದ್ದು ನನಗೆ ಅದಕ್ಕಿಂತ ಕಷ್ಟವಾಯಿತು. ಮರುದಿನ ಮಧ್ಯಾಹ್ನ, ಯಾರನ್ನು ಕೆಲಸದಿಂದ ಬಿಡಿಸಿದರೆ ಯಾರ ಮನೆಯಲ್ಲಿ ಎಷ್ಟು ತೊಂದರೆ ಎಂದು ಬೆರಳು ಮಡಿಸುತ್ತ ನಿಂತಿದ್ದಳು. ಏಳು ಬೆರಳು ಮಡಿಸಿದಳು, ಏಳನ್ನೂ ಬಿಚ್ಚಿದಳು. ಆಮೇಲೆ ಸೋಪಿನ ಪುಡಿಯ ಖಾಲಿ ಚೀಲವನ್ನು ನನ್ನ ಮುಂದೆ ಹರಡಿ, ಇದರಲ್ಲಿ ಆ ಮದ್ದು ಎಷ್ಟಿದೆ ಓದು ಎಂದಳು. ಚೀಲದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನೂರಕ್ಕೆ ಮೂರು ಭಾಗ ರಂಜಕ. ದಿನಕ್ಕೆ ಒಂದು ಚೀಲ, ಹದಿನೈದು ಕಿಲೋ. ನಾನು ಬಾಯಲ್ಲೇ ಲೆಕ್ಕ ಹಾಕಿ ನಾನೂರ ಐವತ್ತು ಗ್ರಾಂ ಎಂದೆ.

"ಅಲ್ಲ ಮರಿ, ನಾನು ಪಾವು ಹಾಕಿದ್ರೆ ಸೇರು ಹೇಗೆ ಬರತ್ತೆ? ಆ ವಿದ್ಯೆ ಗೊತ್ತಿದ್ದಿದ್ರೆ ಹಾಲಿನ ವ್ಯಾಪಾರ ಮಾಡ್ತಿದ್ನಲ್ಲ."

ಬಟ್ಟೆಯ ಕೊಳೆಯಲ್ಲೂ ಸ್ವಲ್ಪ ಇರುತ್ತದೆ ಎಂದೆ. ಅಷ್ಟೊಂದಾ ಎಂದಳು. ಅಷ್ಟೊಂದು ಇರಲಾರದು ಎಂದು ನನಗೂ ಗೊತ್ತಿತ್ತು. ಅವಳು ವಾದಕ್ಕೆ ಕೇಳಿದ್ದಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ್ದು. ನಾನು ಮೇಲೆ ಹೋದೆ. ಆ ಪಾವು ಮತ್ತು ಸೇರು ಹಲ್ಲಿನ ಸಂದಿಯ ನಾರಿನ ಹಾಗೆ ಒಳಗೆ ಕುಳಿತುಬಿಟ್ಟವು. ಗುಣಾಕಾರ ಸರಿ, ರಾಸಾಯನಿಕ ಸರಿ. ಹಾಗಾದರೆ ತಪ್ಪಿರುವುದು ಬಾಟಲಿ ನನ್ನ ಮೇಜಿಗೆ ಬರುವ ಮೊದಲು. ನೀರು ತುಂಬುವಲ್ಲಿಗೆ ನಾನು ಒಮ್ಮೆಯೂ ಹೋಗಿರಲಿಲ್ಲ.

ಬಾಟಲಿ ತುಂಬಿ ತರುವವನು ದೋಣಿಯಣ್ಣ. ಇಪ್ಪತ್ತೆರಡು ವರ್ಷ ಕೆರೆಯ ನಡುವೆ ಪ್ರಯೋಗಾಲಯದ ದೋಣಿ ಹುಟ್ಟು ಹಾಕಿದವನು. ಈ ವರ್ಷ ಹಳ್ಳಗಳ ಅಳತೆ ಶುರುವಾದಾಗ ದೋಣಿ ಬಿಟ್ಟು ವ್ಯಾನು ಹತ್ತಿದ. ನಾಲ್ಕು ಹಳ್ಳಗಳಲ್ಲಿ, ಕೆರೆಗೆ ಸೇರುವ ಜಾಗದಲ್ಲಿ ಒಂದೊಂದು ಬಾಟಲಿ ಸಾಕು. ಮೂರನೆಯದರ ದಂಡೆಯಲ್ಲಿ ಮಾತ್ರ ಲಾಂಡ್ರಿ ಇರುವುದರಿಂದ ಎರಡು ಬಾಟಲಿ ಬೇಕು, ಅವನಿಗೆ ಸರಿಯಾಗಿ ವಿವರಿಸಿಬಿಡಿ ಎಂದು ಮೇಡಂ ನನಗೆ ಹೇಳಿದ್ದರು. ನಾನು ವಿವರಿಸಲಿಲ್ಲ. ಅವನು ಅಂಗಳದಲ್ಲಿ ನಾಲ್ಕು ಜನರನ್ನು ನಗಿಸುತ್ತ ನಿಂತಿದ್ದ. ನಡುವೆ ಹೋಗಿ ಮಾತಾಡಲು ಕಾಲು ಬರಲಿಲ್ಲ. ಒಂದು ಚೀಟಿ ಬರೆದು ಬಾಟಲಿಗಳ ಪೆಟ್ಟಿಗೆಗೆ ಅಂಟಿಸಿದೆ: 'ಹಳ್ಳ ೩: ಮೇಲೆ ಒಂದು, ಕೆಳಗೆ ಒಂದು.' ಅಚ್ಚುಕಟ್ಟಾದ ಚೀಟಿ. ಅಡಿಗೆರೆ ಕೂಡ ಎಳೆದಿದ್ದೆ.

ಬುಧವಾರ ಬೆಳಿಗ್ಗೆ ಅವನ ವ್ಯಾನಿನ ಸುತ್ತ ಎರಡು ಸುತ್ತು ಬಂದು, ನಾನೂ ಬರಲಾ ಎಂದು ಕೇಳಿದೆ. ಅವನು ಮುಂದಿನ ಸೀಟಿನ ಮೇಲಿದ್ದ ಹಗ್ಗದ ಸುರುಳಿಯನ್ನು ಹಿಂದಕ್ಕೆ ಎಸೆದ. "ಬನ್ನಿ ಚಿಕ್ಕ ಮೇಡಂ. ಬಿಸಿಲಿಗೆ ಕರಗಲ್ಲ ತಾನೇ? ಆಮೇಲೆ ನಿಮ್ಮನ್ನೂ ಬಾಟಲೀಲಿ ತುಂಬಿ ತರಬೇಕಾಗತ್ತೆ."

ಅವನು ಹಳ್ಳಗಳಿಗೆ ಹೆಸರಿಟ್ಟಿದ್ದ. ಮೊದಲನೆಯದು ಸೋಮಾರಿ, ಎರಡನೆಯದು ಗಯ್ಯಾಳಿ. ಕೆಲಸದಲ್ಲಿ ಮಾತ್ರ ತಮಾಷೆಯಿರಲಿಲ್ಲ. ಹಳ್ಳದ ಅಗಲಕ್ಕೆ ಟೇಪು ಹಿಡಿದು, ಅರ್ಧರ್ಧ ಮೀಟರಿಗೆ ಒಮ್ಮೆ ಕೋಲು ಇಳಿಸಿ ಆಳ ನೋಡಿದ. ಖಾಲಿ ಡಬ್ಬಿಯೊಂದನ್ನು ನೀರಿಗೆ ಬಿಟ್ಟು, ಹತ್ತು ಮೀಟರು ತೇಲಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ಎಣಿಸಿದ. ಅಗಲ, ಆಳ, ವೇಗ ಸೇರಿದರೆ ಹರಿವು. ಹರಿವಿಗೆ ಬಾಟಲಿಯ ಫಲಿತಾಂಶ ಸೇರಿದರೆ ದಿನಕ್ಕೆ ಇಷ್ಟು ಎಂಬ ಲೆಕ್ಕ. ನಾನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ ಹೋದೆ. ಎಲ್ಲೂ ತಪ್ಪಿರಲಿಲ್ಲ. ಇಷ್ಟು ನಿಷ್ಠೆಯ ಮನುಷ್ಯನನ್ನು ಅನುಮಾನಿಸಿದೆನಲ್ಲಾ ಎಂದು ನಾಚಿಕೆಯಾಯಿತು.

ಮೂರನೇ ಹಳ್ಳಕ್ಕೆ ಬಂದೆವು. ಲಾಂಡ್ರಿ ದಾಟಿ ಇನ್ನೂರು ಹೆಜ್ಜೆ ಕೆಳಗೆ ಒಂದು ಕಾಲುಸೇತುವೆಯಿದೆ. ವ್ಯಾನು ಅಲ್ಲಿ ನಿಂತಿತು. ಇಲ್ಲಿ ಒಂದು ಬಾಟಲಿ ತುಂಬಿ, ಆಮೇಲೆ ಲಾಂಡ್ರಿಯಾಚೆಗೆ, ನೀರು ಬರುವ ಕಡೆಗೆ ಹೋಗುತ್ತಾನೆ ಎಂದುಕೊಂಡೆ. ಅವನು ಸೇತುವೆಯ ನಡುವೆ ನಿಂತು, ಬಾಟಲಿಯನ್ನು ನೀರಿನ ಮೇಲ್ಪದರಕ್ಕೆ ತಾಗಿಸಿ ತುಂಬಿಕೊಂಡು, 'ಮೇಲೆ' ಎಂಬ ಚೀಟಿ ಅಂಟಿಸಿದ. ನಂತರ ಚೀಲದಿಂದ ಒಂದು ತಂತಿಬುಟ್ಟಿ ತೆಗೆದ. ಬುಟ್ಟಿಯ ಅಡಿಯಲ್ಲಿ ಸೀಸದ ಗುಂಡು, ಒಳಗೆ ಬಾಟಲಿ, ಬಿರಡೆಗೆ ಬೇರೆಯೇ ಒಂದು ದಾರ. ಕೆರೆಯ ತಳದ ನೀರು ತೆಗೆಯುವ ಸಾಧನ. ಅದನ್ನು ಅದೇ ಜಾಗದಲ್ಲಿ, ಅದೇ ಸೇತುವೆಯಿಂದ ಮೆಲ್ಲಗೆ ಇಳಿಬಿಟ್ಟ. ಗುಂಡು ತಳ ಮುಟ್ಟಿತು. ದಾರ ಎಳೆದ. ಗುಳುಗುಳು ಎಂದು ಗುಳ್ಳೆ ಬಂದವು. ಮೇಲಕ್ಕೆ ಬಂದ ಬಾಟಲಿಯಲ್ಲಿ ಕಂದು ನೀರಿತ್ತು, ತಳದಲ್ಲಿ ಒಂದು ಬೆರಳು ಕೆಸರು. ಪಂಚೆಯ ತುದಿಯಿಂದ ಒರೆಸಿ, 'ಕೆಳಗೆ' ಎಂಬ ಚೀಟಿ ಅಂಟಿಸಿದ.

ಆ ಕಂದು ಬಾಟಲಿಗಳು ಆರು ವಾರದಿಂದ ನನ್ನ ಮೇಜಿಗೆ ಬರುತ್ತಿದ್ದವು. ಲಾಂಡ್ರಿಯ ಕೊಳೆ ಎಂದುಕೊಂಡಿದ್ದೆ. ಆಸಿಡ್ ಹಾಕಿ ಕುದಿಸಿ, ಕೆಸರಿನೊಳಗಿದ್ದ ರಂಜಕವನ್ನೆಲ್ಲ ಹೊರಗೆಳೆದು, 'ಕೆಳಗೆ'ಯ ಲೆಕ್ಕದಿಂದ 'ಮೇಲೆ'ಯದನ್ನು ಕಳೆದು, ಉಳಿದದ್ದನ್ನು ದೊಡ್ಡಮ್ಮನ ತಲೆಗೆ ಕಟ್ಟಿದ್ದೆ.

"ಅಣ್ಣಾ, ಕೆಳಗೆ ಅಂದ್ರೆ ಇದಾ?"

"ಇದೇ ಮತ್ತೆ. ಇಪ್ಪತ್ತೆರಡು ವರ್ಷ ಕೆರೇಲಿ ತೆಗೆದಿಲ್ವಾ? ಮೇಲೆ ಅಂದ್ರೆ ಮೇಲಿನ ನೀರು, ಕೆಳಗೆ ಅಂದ್ರೆ ತಳದ ನೀರು."

ಲಾಂಡ್ರಿಗಿಂತ ಮೇಲೆ, ಲಾಂಡ್ರಿಗಿಂತ ಕೆಳಗೆ ಎಂದು ನಾನು ಹೇಳಿದೆ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಎರಡನೇ ಸಲ ಹೇಳಬೇಕಾಯಿತು. ಅವನು ಒಮ್ಮೆ ಲಾಂಡ್ರಿಯ ಕಡೆ ನೋಡಿದ, ಒಮ್ಮೆ ಕೆರೆಯ ಕಡೆ ನೋಡಿದ, ಕೊನೆಗೆ ಕೈಯಲ್ಲಿದ್ದ ಬಾಟಲಿ ನೋಡಿದ. ಸೇತುವೆಯ ಕಟ್ಟೆಯ ಮೇಲೆ ಕುಸಿದು ಕೂತ.

"ಚೀಟಿ ಚೆನ್ನಾಗಿತ್ತು," ಎಂದ ಆಮೇಲೆ. "ಒಂದು ಮಾತು ಬಾಯಲ್ಲಿ ಹೇಳಿದ್ದಿದ್ರೆ ಆಗ್ತಿತ್ತು." ಮತ್ತೆ ತಾನೇ ಮುಂದುವರಿಸಿದ. "ನಾನೇನು ಸಾಚಾ ಅಲ್ಲ. ಸೊಂಟ ಮುಳುಗದ ಹಳ್ಳಕ್ಕೆ ತಳದ ನೀರು ಯಾಕೆ ಅಂತ ಮೊದಲನೇ ದಿನವೇ ಅನ್ನಿಸ್ತು. ಓದಿದವರು ಬರೆದಿದ್ದಾರೆ, ಏನೋ ಇರತ್ತೆ ಅಂತ ಸುಮ್ಮನಾದೆ."

ನಾನು ಆಗ ಹಗುರಾಗಬೇಕಿತ್ತು. ಆಗಲಿಲ್ಲ. ಎರಡೂ ಬಾಟಲಿ ಒಂದೇ ಜಾಗದವು ಎಂದಮೇಲೆ ಅವು ಲಾಂಡ್ರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಒಳ್ಳೆಯದನ್ನೂ ಇಲ್ಲ, ಕೆಟ್ಟದ್ದನ್ನೂ ಇಲ್ಲ. ಸೇತುವೆಯ ಬಳಿ ಹರಿಯುವ ಮೇಲ್ಪದರದ ನೀರಿನ ಲೆಕ್ಕ ಮಾತ್ರ ನಿಜ. ಅದು ದಿನಕ್ಕೆ ಒಂದು ಕಿಲೋ ಆರುನೂರು ಗ್ರಾಂ. ಹಳ್ಳವೇ ಹೊತ್ತು ತಂದದ್ದೆಷ್ಟು, ಲಾಂಡ್ರಿ ಸೇರಿಸಿದ್ದೆಷ್ಟು, ಯಾರಿಗೂ ಗೊತ್ತಿಲ್ಲ. ಬಹುಪಾಲು ಲಾಂಡ್ರಿಯದೇ ಆಗಿದ್ದರೆ ಮಿತಿ ದಾಟಿದ ಹಾಗೆಯೇ. ಚೀಲದ ಹಿಂದಿನ ಸಣ್ಣ ಅಕ್ಷರವನ್ನು ಎಷ್ಟು ನಂಬುವುದು?

ಇವತ್ತಿನಿಂದ ಸರಿಯಾಗಿ ತೆಗೆಯೋಣ, ನಿಧಾನಕ್ಕೆ ಲೆಕ್ಕ ತಾನಾಗಿ ಸರಿಹೋಗುತ್ತದೆ, ಮೇಲಿನವರ ತನಕ ಯಾಕೆ ಎಂದು ದೋಣಿಯಣ್ಣ ಮೆಲ್ಲಗೆ ಸೂಚಿಸಿದ. ಅವನ ಮುಖದಲ್ಲಿ ಹೆದರಿಕೆಯಿತ್ತು. ನೋಟೀಸು ಬಂದಾಗಿದೆ ಎಂದೆ. ಬಂದದ್ದು ನಮ್ಮ ದೊಡ್ಡಮ್ಮನಿಗೆ ಎಂದೂ ಹೇಳಿದೆ. ಅವನು ತಲೆಯ ಮೇಲಿನ ಟವೆಲು ತೆಗೆದು ಮಡಿಲಲ್ಲಿಟ್ಟುಕೊಂಡ. ಆಮೇಲೆ ಪ್ರಯೋಗಾಲಯದವರೆಗೆ ಯಾವ ಹಳ್ಳಕ್ಕೂ ಹೆಸರಿಟ್ಟು ಕರೆಯಲಿಲ್ಲ.

ದಾರಿಯುದ್ದಕ್ಕೂ ನನಗಿದ್ದ ಭಯ ಒಂದೇ. ತಪ್ಪು ಹೇಳಿದರೆ ನೆಂಟಸ್ತಿಕೆಯನ್ನೂ ಹೇಳಬೇಕು. ಎರಡನ್ನೂ ಒಟ್ಟಿಗೆ ಹೇಳಿದರೆ, ದೊಡ್ಡಮ್ಮನನ್ನು ಉಳಿಸಲು ಹುಡುಗಿ ಒಂದು ತಪ್ಪನ್ನು ಹುಟ್ಟಿಸಿದಳು ಎಂದಾಗುತ್ತದೆ. ಆದ್ದರಿಂದ ಎಲ್ಲವನ್ನೂ ಎರಡು ಹಾಳೆಯಲ್ಲಿ ವಿವರವಾಗಿ, ತಾರೀಖು ಸಮೇತ ಬರೆದೆ. ಬರೆದದ್ದನ್ನು ಮೇಜಿನ ಮೇಲಿಟ್ಟು ಬರುವುದೆಂದು ನಿರ್ಧರಿಸಿದ್ದೆ.

ಮೇಡಂ ಕಿತ್ತಳೆ ಸುಲಿಯುತ್ತಿದ್ದರು. ಕಿಟಕಿಯ ಕಟ್ಟೆಯಲ್ಲಿ ಒಡೆದ ಬೀಕರುಗಳಲ್ಲಿ ಗಿಡಗಳಿದ್ದವು. ನಾನು ಹಾಳೆ ಚಾಚಿದೆ. ಅವರು ನೋಡಿದರು, ಕಣ್ಣು ಕಿರಿದು ಮಾಡಿದರು, ವಾಪಸು ಚಾಚಿದರು. "ಕನ್ನಡಕ ರಿಪೇರಿಗೆ ಹೋಗಿದೆ. ಏನು ಅಂತ ನೀವೇ ಹೇಳಿ."

ಹಾಗಾಗಿ ಹೇಳಿದೆ. ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ. ಚೀಟಿ, ಸೇತುವೆ, ಸೀಸದ ಗುಂಡು, ಕೆಸರು, ಸೋಪಿನ ಚೀಲ. ಮಧ್ಯದಲ್ಲಿ ಒಮ್ಮೆ ಬಾಯಿ ಒಣಗಿ ನಿಂತೆ. ಅವರು ಕಿತ್ತಳೆಯ ಒಂದು ತೊಳೆಯನ್ನು ನನ್ನ ಕಡೆ ಸರಿಸಿದರು. ತಿಂದು ಮುಂದುವರಿಸಿದೆ. ದೋಣಿಯಣ್ಣನದು ತಪ್ಪಿಲ್ಲ, ವಿವರಿಸಬೇಕಾದವಳು ನಾನು ಎಂದೆ. ಕೊನೆಗೆ ಲಾಂಡ್ರಿ ಯಾರದು ಎಂದೂ ಹೇಳಿದೆ.

ಅವರು ಕೈ ಒರೆಸಿಕೊಂಡರು. "ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಮೇಡಂ."

"ನಿಜ. ನಿಮ್ಮ ಹೆಸರನ್ನೂ ನಾನೇ ಎರಡು ಸಲ ಕೇಳಿ ತಿಳ್ಕೊಂಡದ್ದು." ನಗಲಿಲ್ಲ. ಆದರೆ ದನಿ ಗಡುಸಾಗಿಯೂ ಇರಲಿಲ್ಲ. "ಸರಿಯಾಗಿ ಅಳೆದರೆ ಮಿತಿ ದಾಟಿಯೇ ಬರಬಹುದು. ಆಗ ಇದೇ ನೋಟೀಸು ಇನ್ನೂ ಗಟ್ಟಿಯಾಗತ್ತೆ. ಗೊತ್ತಲ್ಲ?"

ಗೊತ್ತು ಎಂದೆ.

ಅವರು ತಕ್ಷಣ ನಾಲ್ಕು ವಿಷಯ ತೀರ್ಮಾನಿಸಿದರು. ಹತ್ತು ದಿನ, ದಿನ ಬಿಟ್ಟು ದಿನ, ಮೂರನೇ ಹಳ್ಳವನ್ನು ಹೊಸದಾಗಿ ಅಳೆಯುವುದು. ದೋಣಿಯಣ್ಣನ ಜೊತೆ ಅವರೇ ಹೋಗುವುದು. ಬಾಟಲಿಯ ಮೇಲೆ ಮೇಲೆ-ಕೆಳಗೆ ಯಾವುದೂ ಬೇಡ, ಬರೀ ಗುಟ್ಟಿನ ಸಂಖ್ಯೆ. ಪರೀಕ್ಷೆ ಎದುರು ಮೇಜಿನ ಕೆಮಿಸ್ಟ್ ಮಾಡುತ್ತಾರೆ, ನಾನು ಆ ಬಾಟಲಿಗಳ ಹತ್ತಿರ ಸುಳಿಯಕೂಡದು. ಬಾಗಿಲ ಹತ್ತಿರ ಹೋಗುವಾಗ ಹಿಂದಿನಿಂದ ಅವರ ಮಾತು ಕೇಳಿಸಿತು. ಬಾಟಲಿಯ ತಳದ ಕೆಸರು ನನಗೂ ಕಾಣಬೇಕಿತ್ತು, ಸಹಿ ಹಾಕಿದವಳು ನಾನು, ಎಂದು ಅವರು ಕಿಟಕಿಯ ಗಿಡಗಳಿಗೆ ಹೇಳುವಂತೆ ಹೇಳಿದರು.

ಸಂಜೆ ಮನೆಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಎರಡನೇ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ. ಅವಳೂ ನಾನೂ ಲಾಡ್ಜಿನ ಹೊದಿಕೆಯೊಂದರ ಎರಡು ತುದಿ ಹಿಡಿದು ಮಡಿಸುತ್ತಿದ್ದೆವು. ಮಡಿಸುತ್ತ ಮಡಿಸುತ್ತ ಹತ್ತಿರ ಬಂದು, ಕೊನೆಯ ಮಡಿಕೆಯಲ್ಲಿ ಅವಳ ಕೈ ನನ್ನ ಕೈಗೆ ತಾಗಿದಾಗ ಮಾತು ಮುಗಿದಿತ್ತು. ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಚೀಟಿಯಲ್ಲಿ ಬರೆದಿದ್ದನ್ನು ಇನ್ನೊಮ್ಮೆ ಹೇಳಿಸಿಕೊಂಡು, ಮೇಲೆ ಒಂದು ಕೆಳಗೆ ಒಂದು, ಮೇಲೆ ಒಂದು ಕೆಳಗೆ ಒಂದು ಎಂದು ಎರಡು ಸಲ ತಾನೇ ಅಂದುಕೊಂಡು, ನಾನಾಗಿದ್ದರೂ ಅವನ ಹಾಗೇ ಮಾಡುತ್ತಿದ್ದೆ ಎಂದಳು.

ಇಸ್ತ್ರಿಯಕ್ಕನಿಗೆ ಒಡನೆ ಒಂದು ಉಪಾಯ ಹೊಳೆಯಿತು. ಹತ್ತು ದಿನ ತಾನೇ, ಪುಡಿ ಅರ್ಧ ಹಾಕಿ, ಬಿಸಿನೀರು ಜಾಸ್ತಿ ಬಿಟ್ಟು ಸಾಗಿಸಿಬಿಡೋಣ, ಅಳತೆ ತಾನಾಗಿ ಇಳಿಯುತ್ತದೆ ಎಂದಳು. ಉಳಿದ ಹೆಂಗಸರು ದೊಡ್ಡಮ್ಮನ ಮುಖ ನೋಡಿದರು. ನಾನೂ ನೋಡಿದೆ. ಬೇಡ ಎನ್ನಲು ನನಗೇನು ಹಕ್ಕಿದೆ?

"ಒಂದು ಚಮಚವೂ ಕಡಿಮೆ ಮಾಡಬೇಡಿ," ಎಂದಳು ದೊಡ್ಡಮ್ಮ. "ಒಂದು ಸಲ ಸುಳ್ಳು ಲೆಕ್ಕಕ್ಕೆ ನಾನು ನಿದ್ದೆಗೆಟ್ಟಿದ್ದು ಸಾಕು. ಈ ಸಲ ಇದ್ದದ್ದು ಇದ್ದ ಹಾಗೇ ಬರ್ಲಿ."

ಇಸ್ತ್ರಿಯಕ್ಕ ಹಣೆ ಚಚ್ಚಿಕೊಂಡಳು. ಅಳೆಯುವವಳಿಗೂ ಬುದ್ಧಿಯಿಲ್ಲ, ಅಳೆಸಿಕೊಳ್ಳುವವಳಿಗೂ ಇಲ್ಲ, ವಂಶಪಾರಂಪರ್ಯ ಎಂದಳು. ಆದರೆ ಮರುದಿನ ಬೆಳಿಗ್ಗೆ ಪುಡಿ ಅಳೆದು ಹಾಕಿದವಳು ಅವಳೇ. ಚೊಂಬಿನ ಮೇಲೆ ಗೋಪುರವಾಗಿ ನಿಂತದ್ದನ್ನು ಕೈಯಿಂದ ಸವರಿ, ಮಟ್ಟಸ ಮಾಡಿ ಸುರಿದಳು.

ಆ ಹತ್ತು ದಿನ ಲಾಂಡ್ರಿಗೆ ಒಂದು ಹೊಸ ಮನರಂಜನೆ ಸಿಕ್ಕಿತು. ದೋಣಿಯಣ್ಣ ಹಿತ್ತಲಿನ ಮೇಲ್ಗಡೆ ನಿಂತು, ಬಾಟಲಿ ತುಂಬುವ ಮೊದಲು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಇದು ಲಾಂಡ್ರಿಗಿಂತ ಮೇಲೆ, ನೀರು ಹರಿದು ಬರೋ ಕಡೆ, ಸರಿನಾ ಮೇಡಂ?" ಮೇಡಂ ದಂಡೆಯಿಂದ ಸರಿ ಎನ್ನುತ್ತಿದ್ದರು. ಮುನ್ನೂರು ಹೆಜ್ಜೆ ನಡೆದು ಸೇತುವೆಯಿಂದ ಮತ್ತೆ ಕೂಗು. ಒಳಗೆ ಹೆಂಗಸರು ಅದನ್ನೇ ಕಲಿತರು. ಒಬ್ಬಳು ಮೆಟ್ಟಿಲು ಹತ್ತುವಾಗ ಇನ್ನೊಬ್ಬಳು, ಇವಳು ಮೇಲೆ, ಮೆಟ್ಟಿಲು ಹತ್ತಿ ಹೋಗೋ ಕಡೆ, ಸರಿನಾ ಎನ್ನುವಳು. ದೊಡ್ಡಮ್ಮನೂ ನಗುತ್ತಿದ್ದಳು. ಆದರೆ ಊಟದ ತಟ್ಟೆ ಅರ್ಧಕ್ಕೇ ಸರಿಸುತ್ತಿದ್ದಳು. ಒಂದು ದಿನ ಅವಳು ಒಣಗಿದ ಬಟ್ಟೆಗಳ ರಾಶಿಯ ಮುಂದೆ, ಯಾವುದನ್ನು ಎತ್ತಬೇಕೆಂದು ಮರೆತವಳ ಹಾಗೆ ನಿಂತುಬಿಟ್ಟಿದ್ದನ್ನು ನಾನು ಮೆಟ್ಟಿಲಿಂದ ನೋಡಿದೆ. ನಾನು ಕೆಳಗಿಳಿದು ಬಂದು ಮೊದಲನೆಯದನ್ನು ಎತ್ತಿ ಕೊಟ್ಟೆ.

ನೋಟೀಸಿನ ಹದಿಮೂರನೇ ದಿನ ಮೇಡಂ ನನ್ನನ್ನು ಕೆಮಿಸ್ಟರ ಮೇಜಿನ ಹತ್ತಿರ ಕರೆದರು. ಕನ್ನಡಕ ಬಂದಿತ್ತು. ಸ್ಟ್ಯಾಂಡಿನಲ್ಲಿ ಹತ್ತು ಕೊಳವೆಗಳಿದ್ದವು, ಐದು ದಿನದ ಎರಡೆರಡು. ಕಡೆಯ ದಿನದ ಬಾಟಲಿಯ ಜೊತೆ ಎತ್ತಿಟ್ಟಿದ್ದ ನೀರೆಲ್ಲವನ್ನೂ ಮತ್ತೊಮ್ಮೆ ಒಟ್ಟಿಗೆ ಪರೀಕ್ಷಿಸಿದ್ದರು. ರಂಜಕವಿದ್ದರೆ ನಮ್ಮ ಪರೀಕ್ಷೆಯಲ್ಲಿ ನೀರು ನೀಲಿಯಾಗುತ್ತದೆ. ಹೆಚ್ಚಿದ್ದಷ್ಟೂ ನೀಲಿ ಗಾಢ. ಆರು ವಾರದ ನನ್ನ ಕೊಳವೆಗಳಲ್ಲಿ ಒಂದು ತಿಳಿನೀಲಿಯಾಗಿಯೂ ಇನ್ನೊಂದು ಶಾಯಿಯ ಹಾಗೂ ಇರುತ್ತಿತ್ತು. ಇಲ್ಲಿ ಹತ್ತೂ ಹೆಚ್ಚುಕಡಿಮೆ ಒಂದೇ ಬಣ್ಣ. ಬಗ್ಗಿ, ಕಣ್ಣನ್ನು ಕೊಳವೆಯ ಮಟ್ಟಕ್ಕೆ ತಂದು ನೋಡಿದ ಮೇಲೆ ಮಾತ್ರ, ಒಂದು ಬಿಟ್ಟು ಒಂದು ತುಸು ಗಾಢವೆಂದು ಗೊತ್ತಾಯಿತು.

ಮೇಜಿನ ಅಂಚು ಹಿಡಿದುಕೊಂಡೆ.

ಲಾಂಡ್ರಿ ಸೇರಿಸುತ್ತಿರುವುದು ದಿನಕ್ಕೆ ನಾನೂರ ಅರವತ್ತು ಗ್ರಾಂ. ಉಳಿದ ಒಂದು ಕಿಲೋಗಿಂತ ಹೆಚ್ಚು, ಹಳ್ಳ ಲಾಂಡ್ರಿಗೆ ಬರುವ ಮೊದಲೇ ಹೊತ್ತು ತರುತ್ತಿತ್ತು. ಅದು ಎಲ್ಲಿಯದೆಂದು ಮುಂದಿನ ವಾರದಿಂದ ಮೇಲೆ ಮೇಲೆ ಹೋಗಿ ಹುಡುಕಬೇಕು ಎಂದರು ಮೇಡಂ. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಚೀಲದ ಲೆಕ್ಕ ನಾನೂರ ಐವತ್ತು ಅಂದ್ರಲ್ಲ? ನಾವು ಆರು ವಾರ ಒದ್ದಾಡಿದ್ದನ್ನ ನಿಮ್ಮ ದೊಡ್ಡಮ್ಮ ಮಧ್ಯಾಹ್ನ ಒಂದೇ ಗಂಟೇಲಿ ಮುಗಿಸಿದ್ದಾರೆ. ಕೆಲಸ ಬೇಕಾ ಕೇಳಿ," ಎಂದರು. ಕೆಮಿಸ್ಟ್ ನಕ್ಕರು. ನಾನು ನಗಲು ಹೋದೆ, ಬೇರೇನೋ ಆಯಿತು. ಕಣ್ಣೊರೆಸಿಕೊಳ್ಳಲು ಅಲ್ಲಿದ್ದದ್ದು ಸೋಸುಕಾಗದ ಒಂದೇ.

ನೋಟೀಸು ಹಿಂತೆಗೆದುಕೊಳ್ಳುವ ಪತ್ರವನ್ನು ಮೇಡಂ ತಾವೇ ಬರೆದರು. 'ನಮ್ಮ ಅಳತೆಯ ತಪ್ಪಿನಿಂದ' ಎಂಬ ಮಾತು ಅದರ ಮೊದಲ ಸಾಲಿನಲ್ಲೇ ಇತ್ತು. ಅಂಚೆಗೆ ಬೇಡ, ನೀವೇ ಈಗಲೇ ಕೊಟ್ಟು ಬನ್ನಿ ಎಂದರು. ವ್ಯಾನಿನಲ್ಲಿ ದೋಣಿಯಣ್ಣ ಹಾಡು ಗುನುಗುತ್ತಿದ್ದ. ನಡುವೆ ನಿಲ್ಲಿಸಿ, ಪತ್ರದಲ್ಲಿ ತನ್ನ ಹೆಸರೇನಾದರೂ ಇದೆಯಾ ಎಂದು ಕೇಳಿದ. ಇಬ್ಬರದೂ ಇಲ್ಲ ಎಂದೆ. ಹಾಡು ಮುಂದುವರಿಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ಲಾಂಡ್ರಿಯೊಳಗೆ ಕಾಲಿಟ್ಟೆ. ಮೂರೂ ಯಂತ್ರಗಳು ತಿರುಗುತ್ತಿದ್ದವು. ಆ ಗದ್ದಲದಲ್ಲಿ ಕೇಳಿಸುವಷ್ಟು ಗಟ್ಟಿಯಾಗಿ, ಒಂದು ಕಿಲೋ ದಾಟಿಲ್ಲ ದೊಡ್ಡಮ್ಮಾ, ನಾನೂರ ಅರವತ್ತು ಗ್ರಾಂ ಎಂದೆ. ಎಲ್ಲರೂ ತಿರುಗಿ ನೋಡಿದರು. ನನ್ನ ದನಿ ಅಷ್ಟಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ದೊಡ್ಡಮ್ಮ ಪತ್ರವನ್ನು ಇಸ್ತ್ರಿಯಕ್ಕನ ಕೈಗೆ ಕೊಟ್ಟು ಓದಿಸಿದಳು. ನಿನ್ನ ಬಾಯಿಂದ ಕೇಳಿದ್ದಾಗಿದೆ, ಇನ್ನೊಬ್ಬರ ಬಾಯಿಂದಲೂ ಬರಲಿ ಎಂದಳು. ಇಸ್ತ್ರಿಯಕ್ಕ ಓದಿದಳು. ತಪ್ಪಿನಿಂದ ಎಂಬ ಪದ ಬಂದಾಗ ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾವು ಕೊಡಲಿಯಿಂದ ಕಳಚಿಕೊಂಡು ಬಂತಲ್ಲ, ಒಳ್ಳೇದಾಯಿತು ಎಂದು ಮುಂದಕ್ಕೆ ಓದಿದಳು. ಅವಳಿಂದ ಅದಕ್ಕಿಂತ ಹೆಚ್ಚಿನ ಕ್ಷಮೆ ಯಾರಿಗೂ ಸಿಕ್ಕಿದ್ದಿಲ್ಲ.

ಆ ನಾನೂರ ಅರವತ್ತನ್ನು ಇನ್ನೂ ಇಳಿಸಬಹುದಾ ಎಂದು ದೊಡ್ಡಮ್ಮ ಕೇಳಿದಳು. ರಂಜಕವಿಲ್ಲದ ಪುಡಿಯೂ ಸಿಗುತ್ತದೆ, ಆದರೆ ನೊರೆ ಕಡಿಮೆ ಎಂದೆ. ನೊರೆ ಏನು ಉಡುವುದಾ, ತರಿಸು ಎಂದಳು. ಅಷ್ಟು ಹೇಳಿ, ಕಟ್ಟಿಟ್ಟಿದ್ದ ಆಸ್ಪತ್ರೆಯ ಹೊದಿಕೆಗಳ ಗಂಟಿನ ಮೇಲೆ ಒಂದು ನಿಮಿಷ ಕೂರುತ್ತೇನೆ ಎಂದು ಕೂತಳು. ಹಗಲು ಹೊತ್ತಿನಲ್ಲಿ ದೊಡ್ಡಮ್ಮ ಕೂತದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಬೆನ್ನು ಗೋಡೆಗೆ ಒರಗಿತು. ನೊರೆಯ ಬಗ್ಗೆ ಇನ್ನೇನೋ ಹೇಳಲು ಬಾಯಿ ತೆರೆದವಳು, ಅದನ್ನು ಹೇಳದೆಯೇ ನಿದ್ದೆಹೋದಳು.

ಒಬ್ಬಳು ರೇಡಿಯೋ ತಗ್ಗಿಸಿದಳು. ಇನ್ನೊಬ್ಬಳು ಬಕೆಟನ್ನು ಎಳೆಯದೆ ಎತ್ತಿಕೊಂಡು ಹೋದಳು. ಎರಡನೇ ಯಂತ್ರದ ಕೊನೆಯ ಸುತ್ತು ಮುಗಿಯಲು ಇನ್ನು ಆರು ನಿಮಿಷವಿತ್ತು. ಮುಗಿದೊಡನೆ ಅದು ಕೂಗುತ್ತದೆ. ಇಸ್ತ್ರಿಯಕ್ಕ ಬರಿಗಾಲಲ್ಲಿ ಹೋಗಿ ಆ ಕೂಗಿನ ಸ್ವಿಚ್ಚನ್ನು ಮೊದಲೇ ಆರಿಸಿ, ಬಾಯಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು.